ಪದಕಗಳಿಗೆ ಹುಣಸೆಹುಳಿ ಬೇಡ

ಮಾನ್ಯರೇ,

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ವಾಯುಪಡೆಯಲ್ಲಿ ದುಡಿದವರ ಮನೆಗಳಿಗೆ ಬರವಿಲ್ಲ. ಹಿರಿಯರು ತೀರಿಕೊಂಡ ಮೇಲೆ ಅವರ ಪದಕ, ಬ್ಯಾಡ್ಜು, ಸಮವಸ್ತ್ರಗಳನ್ನು ಮಂಗಳೂರಿನ ಬಿಜೈ ಮ್ಯೂಸಿಯಂಗೋ ಸಂತ ಅಲೋಶಿಯಸ್ ಕಾಲೇಜಿನ ಮ್ಯೂಸಿಯಂ ಅಲೋಶಿಯಂಗೋ ಕೊಟ್ಟುಬಿಡೋಣ ಎಂದು ಮಕ್ಕಳಿಗೆ ಅನಿಸುವುದು ಒಳ್ಳೆಯದೇ. ಆದರೆ ಕೊಡುವ ಮುನ್ನ ಮನೆಯವರು ಪದಕಗಳನ್ನು ಒಮ್ಮೆ ಚೆನ್ನಾಗಿ ತಿಕ್ಕುತ್ತಾರೆ. ಪಡೆದವರು ಪ್ಲೈವುಡ್ ಪೆಟ್ಟಿಗೆಯಲ್ಲಿ ಮಖಮಲ್ಲು ಹಾಸಿ, ಗಾಜು ಮುಚ್ಚಿ ಗೋಡೆಗೆ ತೂಗುಹಾಕುತ್ತಾರೆ. ಎರಡೂ ಕೇಡೇ.

ಎರಡನೇ ಮಹಾಯುದ್ಧದ ಪದಕಗಳಾದ 1939–45 ಸ್ಟಾರ್, ಬರ್ಮಾ ಸ್ಟಾರ್‌ಗಳು ತಾಮ್ರ ಮತ್ತು ಸತುವಿನ ಮಿಶ್ರಲೋಹದವು. ಕಾಲುದೀಪ ಬೆಳಗಿದ ಹಾಗೆ ಹುಣಸೆಹುಳಿ ಹಚ್ಚಿದರೆ ಹುಳಿ ಮೊದಲು ಸತುವನ್ನೇ ತಿನ್ನುತ್ತದೆ, ಮೇಲ್ಮೈ ಕೆಂಪಾಗುತ್ತದೆ. ಲೋಹಕ್ಕೆ ಹೊಳಪು ಕೊಡುವ ಬ್ರಾಸೋದಲ್ಲಿರುವ ಪುಡಿ ಲೋಹವನ್ನು ಸವೆಸುತ್ತದೆ. ಬ್ರಿಟನ್ನಿನವರಿಗೆ ಈ ಸ್ಟಾರ್‌ಗಳನ್ನು ಹೆಸರಿಲ್ಲದೆ ಕೊಟ್ಟರು. ಭಾರತೀಯರಿಗೆ ಕೊಟ್ಟವುಗಳ ಹಿಂಬದಿಯಲ್ಲಿ ಸೇವಾ ಸಂಖ್ಯೆ, ಹೆಸರು ಇರುತ್ತದೆ. ಸ್ವಾತಂತ್ರ್ಯಾನಂತರದ ನಮ್ಮ ಸೇವಾ ಪದಕಗಳಲ್ಲಿ ಅದು ಅಂಚಿನ ಮೇಲಿರುತ್ತದೆ. ಆಳವಿಲ್ಲದ ಈ ಅಕ್ಷರಗಳು ತಿಕ್ಕಿದಷ್ಟೂ ಅಳಿಯುತ್ತವೆ. ಹೆಸರು ಅಳಿಸಿದ ಸ್ಟಾರ್ ಹಳೇ ಸಾಮಾನಿನ ಅಂಗಡಿಯಲ್ಲೂ ಸಿಗುತ್ತದೆ. ಒಣ, ಮೃದು ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ಕೈಗೆ ವೈದ್ಯರು ಹಾಕುವಂಥ ತೆಳು ನೈಟ್ರೈಲ್ ಗವಸು ಇರಲಿ. ಹತ್ತಿಯ ಗವಸಿನ ಎಳೆ ಜರಿ ಬ್ಯಾಡ್ಜಿಗೆ ಸಿಕ್ಕಿಕೊಳ್ಳುತ್ತದೆ.

ಕಪ್ಪು ಅಥವಾ ಕಂದು ಬಣ್ಣಕ್ಕೆ ಹೆದರಬೇಕಿಲ್ಲ. ಹೆದರಬೇಕಾದ್ದು ತಿಳಿಹಸಿರು ಪುಡಿಗೆ. ಬೆವರಿನಿಂದಲೋ ಕಡಲ ಗಾಳಿಯಿಂದಲೋ ಬಂದ ಉಪ್ಪು ಲೋಹದೊಳಗೆ ಕೂತು, ತೇವ ಸಿಕ್ಕಾಗ ತಾಮ್ರವನ್ನು ಕೊರೆಯುತ್ತಿದೆ ಎಂದು ಅದರ ಅರ್ಥ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 45 ದಾಟಿದರೆ ಇದು ಚುರುಕಾಗುತ್ತದೆ. ಮಳೆ ಸುರಿಯುವ ನಮ್ಮ ಆಟಿ ತಿಂಗಳಲ್ಲಿ ಅದು ಎಷ್ಟಿರುತ್ತದೆಂದು ಹೇಳಬೇಕೇ? ಅಂಥ ಪದಕವನ್ನು ಬೇರ್ಪಡಿಸಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು, ಸಂರಕ್ಷಣಾ ತಜ್ಞರಿಗೆ ತೋರಿಸಬೇಕು.

ಇನ್ನು ಪೆಟ್ಟಿಗೆ. ಪ್ಲೈವುಡ್ಡಿನ ಅಂಟು, ಮರ ಎರಡೂ ಆಮ್ಲದ ಆವಿ ಬಿಡುತ್ತವೆ. ಉಣ್ಣೆಯಲ್ಲೂ ರಬ್ಬರಿನಲ್ಲೂ ಗಂಧಕವಿರುತ್ತದೆ, ಅದು ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಪೈಲಟ್‌ನ ಚರ್ಮದ ಹೆಲ್ಮೆಟ್ಟನ್ನು ರಬ್ಬರಿನ ಕಿವಿಗವಸಿನೊಂದಿಗೆ ಬೆಳ್ಳಿಯ ವಾಯುಸೇನಾ ಪದಕದ ಪಕ್ಕದಲ್ಲೇ ಇಡುವುದು ನೋಡಲು ಚೆಂದ, ಪದಕಕ್ಕೆ ಮಾತ್ರ ಅಲ್ಲ. ಪೌಡರ್ ಕೋಟ್ ಮಾಡಿದ (ಪುಡಿಬಣ್ಣ ಹಾಕಿ ಕಾಯಿಸಿದ) ಉಕ್ಕು, ಗಾಜು, ಚೆನ್ನಾಗಿ ಒಗೆದ ಬಣ್ಣವಿಲ್ಲದ ಹತ್ತಿಬಟ್ಟೆ ಸಾಕು. ಪಿವಿಸಿ ಕವರ್ ಬೇಡ, ಪಾಲಿಥೀನ್ ಜಿಪ್ ಕವರ್ ಆದೀತು. ನುಸಿಗುಳಿಗೆಯೂ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗಾಗಿಸುತ್ತದೆ.

ಹಗಲು ಎಸಿ ಹಾಕಿ ಸಂಜೆ ಬೀಗ ಹಾಕುವಾಗ ಆರಿಸುವುದಾದರೆ ಎಸಿ ಇಲ್ಲದಿದ್ದರೇ ವಾಸಿ. ತಣ್ಣಗಾದ ಲೋಹದ ಮೇಲೆ ರಾತ್ರಿ ಹೊರಗಿನ ತೇವ ನೀರಾಗಿ ಇಳಿಯುತ್ತದೆ. ಸೀಲ್ ಮಾಡಿದ ಪೆಟ್ಟಿಗೆಗೆ ಘನ ಮೀಟರಿಗೆ 20 ಕಿಲೊ ಸಿಲಿಕಾ ಜೆಲ್ ಎಂಬುದು ಬಳಕೆಯಲ್ಲಿರುವ ಲೆಕ್ಕ. 1 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, 20 ಸೆಂ.ಮೀ. ಎತ್ತರದ ಪೆಟ್ಟಿಗೆಗೆ 2 ಕಿಲೊ ಬೇಕು. ಚಪ್ಪಲಿ ಡಬ್ಬದಿಂದ ತೆಗೆದ ನಾಲ್ಕು ಪೊಟ್ಟಣಗಳಿಂದ ಏನೂ ಆಗದು. ರಿಬ್ಬನ್‌ಗಳ ಬಣ್ಣ ಉಳಿಯಬೇಕಾದರೆ ಬೆಳಕು 50 ಲಕ್ಸ್ (ಬೆಳಕಿನ ತೀವ್ರತೆಯ ಅಳತೆ) ಮೀರಬಾರದು.

ಜೋಡಣೆಯ ತಪ್ಪುಗಳೂ ಉಂಟು. ಮಹಾವೀರ ಚಕ್ರದ ರಿಬ್ಬನ್ ಅರ್ಧ ಬಿಳಿ, ಅರ್ಧ ಕೇಸರಿ. ವೀರಚಕ್ರದ್ದು ಅರ್ಧ ಕಡುನೀಲಿ, ಅರ್ಧ ಕೇಸರಿ. ಕೇಸರಿ ಭಾಗ ಧರಿಸಿದವರ ಎಡಭುಜದ ಕಡೆಗೆ, ಎಂದರೆ ನೋಡುವವರ ಬಲಕ್ಕೆ ಬರಬೇಕು. ಹಿಂಬದಿ ತೋರಿಸಲೆಂದು ಪದಕವನ್ನು ರಿಬ್ಬನ್ ಸಮೇತ ತಿರುಗಿಸಿದರೆ ಬಣ್ಣವೂ ಅದಲುಬದಲಾಗುತ್ತದೆ. ಅದರ ಬದಲು ಪದಕದ ಹಿಂದೆ ಕನ್ನಡಿ ಇಡಬಹುದು. 'ರಾಯಲ್' ಎಂಬ ವಿಶೇಷಣ 1945ರಿಂದ 1950ರ ಜನವರಿ 26ರವರೆಗೆ ಮಾತ್ರ ವಾಯುಪಡೆಯ ಹೆಸರಿನಲ್ಲಿತ್ತು. ಬ್ರಿಟಿಷ್ ಕಿರೀಟದ ಗುಂಡಿಗಳ ಕೋಟಿಗೆ ಅಶೋಕ ಸಿಂಹಗಳ ರೆಕ್ಕೆ ಬ್ಯಾಡ್ಜ್ ಚುಚ್ಚಿದರೆ ಯಾವ ಕಾಲದ ಸಮವಸ್ತ್ರವೂ ಆಗುವುದಿಲ್ಲ.

ಪದಕಗಳ ಜೊತೆ ಹಳೆಯ ವಿಮಾನದ ಗಡಿಯಾರ, ಎತ್ತರ ತೋರಿಸುವ ಆಲ್ಟಿಮೀಟರ್ ಬಂದರೆ ಮುಟ್ಟುವ ಮೊದಲು ಯೋಚಿಸಿ. ಯುದ್ಧಕಾಲದ ಅನೇಕ ಡಯಲ್‌ಗಳಿಗೆ ವಿಕಿರಣ ಸೂಸುವ ರೇಡಿಯಂ ಬಣ್ಣ ಬಳಿದಿರುತ್ತಿದ್ದರು. ಕತ್ತಲಲ್ಲಿ ಹೊಳೆಯದಿದ್ದರೆ ಅಪಾಯ ಹೋಯಿತೆಂದಲ್ಲ: ಕೆಟ್ಟಿರುವುದು ಹೊಳೆಯುವ ಸತುವಿನ ಸಲ್ಫೈಡ್, ರೇಡಿಯಂ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಗಾಜು ಬಿಚ್ಚಬೇಡಿ, ಒಡೆದದ್ದನ್ನು ಗುಡಿಸಬೇಡಿ, ಮುಚ್ಚಿದ ಸಣ್ಣ ಕೋಣೆಯಲ್ಲಿ ಹಲವನ್ನು ಒಟ್ಟಿಗೆ ಇಡಬೇಡಿ, ರೇಡಿಯಂನಿಂದ ಹೊರಡುವ, ಅದೂ ವಿಕಿರಣ ಸೂಸುವ ರೇಡಾನ್ ಅನಿಲ ಶೇಖರವಾಗುತ್ತದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಬರೆದು ಸಲಹೆ ಕೇಳಬೇಕು.

ಕೊಡುವವರು ಪದಕಗಳನ್ನು ಇದ್ದ ಸಾಲಿನಲ್ಲೇ ಫೋಟೊ ತೆಗೆದು, ಲಾಗ್‌ಬುಕ್, ಸೇವಾ ದಾಖಲೆ, ರಟ್ಟಿನ ಮೂಲ ಡಬ್ಬ ಎಲ್ಲವನ್ನೂ ಒಟ್ಟಿಗೇ ಕೊಡಲಿ. ಪಡೆಯುವ ಸಂಸ್ಥೆ ಕೊಡುವ ರಸೀದಿಯಲ್ಲಿ 'ಪದಕ 5' ಎಂದಷ್ಟೇ ಬರೆದರೆ ಸಾಲದು. ಪ್ರತಿ ಪದಕದ ಹೆಸರು, ಅಂಚಿನ ಇಲ್ಲವೇ ಹಿಂಬದಿಯ ಅಕ್ಷರಗಳು ಇದ್ದ ಹಾಗೆಯೇ, ಅಳಿಸಿದ್ದರೆ ಅಳಿಸಿದೆ ಎಂದೂ ಬರೆದು, ಎರಡೂ ಕಡೆಯವರು ಸಹಿ ಹಾಕಬೇಕು.

– ಓದುಗರು, ಮಂಗಳೂರು