ಪೆಟ್ಟಿಗೆಯ ಮೇಲಿನ ವಾಟ್ ನಂಬಿ ಆಂಪ್ಲಿಫೈಯರ್ ಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ಮನೆಯಲ್ಲೇ ಕರೋಕೆ ಹಾಡುವ ಹುಮ್ಮಸ್ಸು ಈಗ ಸಣ್ಣ ಊರುಗಳಿಗೂ ಹಬ್ಬಿದೆ. ಮೊಬೈಲ್‌ನಲ್ಲಿ ಟ್ರ್ಯಾಕ್ (ಗಾಯಕರ ದನಿಯಿಲ್ಲದ ಹಿನ್ನೆಲೆ ಸಂಗೀತ) ಹಾಕಿಕೊಂಡು ಹಳೆಯ ಚಿತ್ರಗೀತೆ, ಭಾವಗೀತೆ ಹಾಡುವವರಲ್ಲಿ ನಿವೃತ್ತರಿದ್ದಾರೆ, ಗೃಹಿಣಿಯರಿದ್ದಾರೆ, ಶಾಲಾ ಮಕ್ಕಳಿದ್ದಾರೆ. ಇವರಿಗೆಂದೇ ಮಾರಾಟವಾಗುತ್ತಿರುವ ಎಷ್ಟೋ ಬ್ಲೂಟೂತ್ ಆಂಪ್ಲಿಫೈಯರ್‌ಗಳ ಪೆಟ್ಟಿಗೆಯ ಮೇಲೆ ‘5000 ವಾಟ್ ಪಿಎಂಪಿಒ’ ಎಂಬಂಥ ದಪ್ಪಕ್ಷರ ಇರುತ್ತದೆ. ಎಷ್ಟು ಓಮ್‌ನ (ಓಮ್ ಎಂದರೆ ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಸ್ಪೀಕರ್‌ಗೆ ಎಷ್ಟು ಆರ್‌ಎಂಎಸ್ ವಾಟ್, ಅಂದರೆ ನಿರಂತರವಾಗಿ ಸಿಗುವ ಶಕ್ತಿ, ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ. ಕೊಂಡವರು ಕೆಲವೇ ತಿಂಗಳಲ್ಲಿ ಸುಟ್ಟ ಟ್ವೀಟರ್ (ತೀಕ್ಷ್ಣ ಸದ್ದಿನ ಸಣ್ಣ ಸ್ಪೀಕರ್), ಸತ್ತ ಐಸಿ (ಚಿಪ್) ಹಿಡಿದು ರಿಪೇರಿಗೆ ಬರುತ್ತಾರೆ. ಆ ಕೆಲಸದಲ್ಲಿರುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಪಿಎಂಪಿಒ (ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್) ಎಂಬುದಕ್ಕೆ ಒಪ್ಪಿತವಾದ ಅಳತೆಯ ಕ್ರಮವೇ ಇಲ್ಲ. ಬರೆದವರು ಬರೆದದ್ದೇ ಲೆಕ್ಕ. ನಿಜವಾದ ಶಕ್ತಿ ತಿಳಿಯಬೇಕಾದರೆ ಆಂಪ್ಲಿಫೈಯರ್ ಬಿಟ್ಟು ಅದರ ಅಡಾಪ್ಟರ್ ಕೈಗೆತ್ತಿಕೊಳ್ಳಿ, ತಿರುಗಿಸಿ ಲೇಬಲ್ ಓದಿ. ಔಟ್‌ಪುಟ್ 12 ವೋಲ್ಟ್, 5 ಆಂಪಿಯರ್ ಎಂದಿದ್ದರೆ ಗುಣಿಸಿ: 60 ವಾಟ್. ಒಳಗೆ ಹೋಗುವುದೇ 60 ವಾಟ್ ಆದಮೇಲೆ ಸ್ಪೀಕರ್‌ಗೆ ನಿರಂತರವಾಗಿ ಅದಕ್ಕಿಂತ ಹೆಚ್ಚು ಬರುವುದು ಎಲ್ಲಿಂದ? ಬಾವಿಯಲ್ಲಿದ್ದರೆ ತಾನೇ ಸೇದುವುದು. ಆ 60 ಕೂಡ ಪೂರ್ತಿ ಸಿಗುವುದಿಲ್ಲ. ಈಗ ಅಗ್ಗದ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಕಾಣುವ ಐಸಿ ಟಿಪಿಎ3116. ಅದರ ಡೇಟಾಶೀಟ್‌ನಲ್ಲಿ (ತಯಾರಕರ ವಿವರಪತ್ರ) ಚಾನೆಲ್‌ಗೆ, ಅಂದರೆ ಎಡ-ಬಲ ಒಂದೊಂದಕ್ಕೆ, 50 ವಾಟ್ ಎಂದಿರುವುದು ನಿಜ. ಆದರೆ ಅದು 21 ವೋಲ್ಟ್ ಸಪ್ಲೈ, 4 ಓಮ್ ಸ್ಪೀಕರ್, ಶೇ 10ರಷ್ಟು ಡಿಸ್ಟಾರ್ಷನ್ ಇದ್ದಾಗಿನ ಮಾತು. ಶೇ 10 ಎಂದರೆ ಕಿವಿಗೆ ಚೆನ್ನಾಗಿಯೇ ಗೊತ್ತಾಗುವ ಕರಕರ ಸದ್ದು. ಅದೇ ಬೋರ್ಡಿಗೆ 12 ವೋಲ್ಟ್ ಕೊಟ್ಟು 8 ಓಮ್ ಸ್ಪೀಕರ್ ಜೋಡಿಸಿದರೆ ಶುದ್ಧವಾಗಿ ಸಿಗುವುದು ಚಾನೆಲ್‌ಗೆ ಏಳೆಂಟು ವಾಟ್. 24 ವೋಲ್ಟ್, 5 ಆಂಪಿಯರ್ ಅಡಾಪ್ಟರ್ ಕೊಟ್ಟರೆ ಅದೇ 8 ಓಮ್‌ಗೆ ಸುಮಾರು 30 ವಾಟ್. ಬೋರ್ಡ್ ಒಂದೇ, ಪೆಟ್ಟಿಗೆಯ ಮೇಲಿನ ಅಂಕಿಯೂ ಒಂದೇ. ಜೊತೆಗೆ ಕೊಟ್ಟ ಅಡಾಪ್ಟರಿನಿಂದ ನಾಲ್ಕು ಪಟ್ಟು ವ್ಯತ್ಯಾಸ. ಹೆಚ್ಚು ವೋಲ್ಟ್ ಒಳ್ಳೆಯದೆಂದು ಲ್ಯಾಪ್‌ಟಾಪ್ ಚಾರ್ಜರ್ ಇತ್ಯಾದಿ ಸಿಕ್ಕಿದ್ದನ್ನು ಜೋಡಿಸುವ ಮುನ್ನ ಬೋರ್ಡಿನ ಮೇಲೆ ಬರೆದ ಗರಿಷ್ಠ ವೋಲ್ಟ್ ನೋಡಿ. ಈ ಐಸಿಗೆ ಹೇಳಿದ ಮಿತಿ 26.

ಹಳೆಯ ಕಾಲದಂತೆ ತೂಗಿ ನೋಡುವುದೂ ಈಗ ಪೂರ್ತಿ ನೆಚ್ಚಿಕೊಳ್ಳುವ ಪರೀಕ್ಷೆಯಲ್ಲ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಯಂತ್ರಕ್ಕೆ ಭಾರವೇ ಗುಣ. ಮೇಲೆ ಹೇಳಿದಂಥ ಐಸಿ ಇರುವ ಕ್ಲಾಸ್-ಡಿ ಯಂತ್ರ ಹಗುರವಾಗಿದ್ದೂ ಚೆನ್ನಾಗಿರಬಹುದು.

12 ಅಡಿ ಅಗಲ, 15 ಅಡಿ ಉದ್ದದ ಹಾಲ್‌ಗೆ ಚಾನೆಲ್‌ಗೆ ನಿಜವಾದ 30 ವಾಟ್ ಬೇಕಾದಷ್ಟಾಯಿತು. ವಾಟ್ ಇಮ್ಮಡಿಯಾದರೆ ಸದ್ದು ಏರುವುದು ಬರೀ 3 ಡೆಸಿಬಲ್. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಹತ್ತು ಪಟ್ಟು ವಾಟ್ ಬೇಕು. ಹಾಗಾಗಿ 30ಕ್ಕೂ 40ಕ್ಕೂ ಇರುವ ಅಂತರಕ್ಕೆ ಹಣ ಸುರಿಯಬೇಡಿ, ಆ ದುಡ್ಡನ್ನು ಸ್ಪೀಕರ್‌ಗೆ ಹಾಕಿ. ಹಾಡು ಕೇಳಲು ಮಾತ್ರ ಆದರೆ ಏಳೆಂಟು ವಾಟ್ ಕೂಡ ಸಾಕಾಗುತ್ತದೆ, ಕರೋಕೆಗೆ ಸಾಲದು. ಟ್ರ್ಯಾಕಿನ ಸದ್ದನ್ನು ಸ್ಟುಡಿಯೋದಲ್ಲೇ ಒಂದು ಮಟ್ಟಕ್ಕೆ ತಂದಿರುತ್ತಾರೆ. ಎದುರಿಗೆ ನಿಂತು ಹಾಡುವವರ ದನಿ ಹಾಗಲ್ಲ, ತಾರಸ್ಥಾಯಿಗೆ ಹೋದಾಗ ಒಮ್ಮೆಲೇ ಜಿಗಿಯುತ್ತದೆ. ಶಕ್ತಿ ಸಾಲದ ಆಂಪ್ಲಿಫೈಯರ್ ಆಗ ಅಲೆಯ ತುದಿಯನ್ನು ಕತ್ತರಿಸುತ್ತದೆ. ಹಾಗೆ ಕತ್ತರಿಸಿದ ಸದ್ದಿನಲ್ಲಿ ಮೇಲ್‌ಸ್ಥಾಯಿಯ ಕಂಪನಗಳು ತುಂಬಿಕೊಂಡು ಟ್ವೀಟರ್ ಸುಡುತ್ತದೆ. ‘ಸಣ್ಣ ಆಂಪ್ಲಿಫೈಯರ್ ಅಲ್ಲವೇ, ಸ್ಪೀಕರ್‌ಗೆ ಏನೂ ಆಗದು’ ಎಂಬ ನಂಬಿಕೆಯಿಂದ ಹಾಳಾದ ಸ್ಪೀಕರ್‌ಗಳಿಗೆ ಲೆಕ್ಕವಿಲ್ಲ.

ಐಸಿ ಸಾಯುವುದಕ್ಕೆ ದೊಡ್ಡ ಕಾರಣ ಓಮ್. ಎರಡು 8 ಓಮ್ ಸ್ಪೀಕರ್‌ಗಳನ್ನು ಒಂದೇ ಚಾನೆಲ್‌ಗೆ ಪ್ಯಾರಲಲ್ (ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು) ಕೊಟ್ಟರೆ 4 ಓಮ್, ನಾಲ್ಕು ಕೊಟ್ಟರೆ 2 ಓಮ್. ‘4–8 ಓಮ್’ ಎಂದು ಬರೆದ ಯಂತ್ರಕ್ಕೆ 2 ಓಮ್ ಎಂದರೆ ಪದೇ ಪದೇ ಆಫ್ ಆಗುವುದು ಅಥವಾ ಒಂದೇ ಸಲಕ್ಕೆ ಸುಡುವುದು. ಹಳೆಯ ಸ್ಪೀಕರಿನ ಓಮ್ ಗೊತ್ತಿಲ್ಲದಿದ್ದರೆ ಮಲ್ಟಿಮೀಟರ್ ಹಿಡಿಯಿರಿ: 6ರಿಂದ 7 ತೋರಿಸಿದರೆ ಅದು 8 ಓಮ್, 3ರಿಂದ 3.6 ತೋರಿಸಿದರೆ 4 ಓಮ್. ಎರಡನೆಯ ತಪ್ಪು, ಎಡ-ಬಲ ಸ್ಪೀಕರ್‌ಗಳ ಕಪ್ಪು ವೈರ್‌ಗಳನ್ನು ಒಟ್ಟಿಗೆ ಸೇರಿಸುವುದು. ಹಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳಲ್ಲಿ ಕಪ್ಪು ಎಂದರೆ ಸಾಮಾನ್ಯವಾಗಿ ಗ್ರೌಂಡ್ (ಸಿಗ್ನಲ್ ಇಲ್ಲದ ತುದಿ), ಸೇರಿಸಿದರೂ ನಡೆಯುತ್ತಿತ್ತು. ಈ ಹೊಸ ಬೋರ್ಡ್‌ಗಳು ಬ್ರಿಜ್ ಮಾದರಿಯವು. ಕಪ್ಪು ಟರ್ಮಿನಲ್‌ನಲ್ಲೂ ಸಿಗ್ನಲ್ ಇರುತ್ತದೆ. ಎರಡು ಕಪ್ಪನ್ನು ಸೇರಿಸಿದರೂ, ಒಂದನ್ನು ಯಂತ್ರದ ಲೋಹದ ಮೈಗೆ ತಾಗಿಸಿದರೂ ಐಸಿ ಉಳಿಯುವ ಭರವಸೆ ಇಲ್ಲ. ಪವರ್ ತೆಗೆದು, ಸ್ಪೀಕರ್ ಬಿಚ್ಚಿ, ಎರಡು ಕಪ್ಪು ಟರ್ಮಿನಲ್‌ಗಳ ನಡುವೆ ಮೀಟರ್ ಬೀಪ್ ಆಗುತ್ತದೆಯೇ ನೋಡಿ. ಆಗದಿದ್ದರೆ ಅವನ್ನು ಬೇರೆ ಬೇರೆಯಾಗಿಯೇ ಇಡಬೇಕು. ವೈರ್ ವಿಷಯದಲ್ಲೂ ಕಂಜೂಸಿ ಬೇಡ. 1 ಚದರ ಮಿ.ಮೀ. ತಾಮ್ರದ ವೈರನ್ನು 10 ಮೀಟರ್ ಎಳೆದರೆ ಹೋಗಿ ಬರುವ ದಾರಿ ಸೇರಿ ಸುಮಾರು 0.35 ಓಮ್ ಆಗುತ್ತದೆ. 4 ಓಮ್ ಸ್ಪೀಕರ್‌ನಲ್ಲಿ ಶೇ 8ರಷ್ಟು ವೋಲ್ಟೇಜ್ ವೈರಿನಲ್ಲೇ ಹೋಯಿತು. ಅಷ್ಟು ದೂರಕ್ಕೆ 1.5 ಅಥವಾ 2.5 ಹಾಕಿ.

ಇನ್ನು ಕರೋಕೆಯ ಜೀವ ಇರುವುದು ಮೈಕ್ ಭಾಗದಲ್ಲಿ. ಬ್ಲೂಟೂತ್, ಯುಎಸ್‌ಬಿ, ಎಫ್‌ಎಂ, ಬಣ್ಣದ ದೀಪ ಎಲ್ಲ ಇದ್ದು ಮೈಕ್ ಜ್ಯಾಕ್ ಇಲ್ಲದ ಯಂತ್ರ ಕೊಂಡು, ಆಮೇಲೆ ಕನ್ವರ್ಟರ್ ಪಿನ್ ಹಾಕಿ ಮೈಕನ್ನು ಆಕ್ಸ್‌ಗೆ (ಮೊಬೈಲ್, ಟಿವಿ ಜೋಡಿಸುವ ಜ್ಯಾಕ್) ಚುಚ್ಚುವವರಿದ್ದಾರೆ. ಕೈಯಲ್ಲಿ ಹಿಡಿದು ಹಾಡುವ ಸಾಮಾನ್ಯ ಡೈನಮಿಕ್ ಮೈಕ್ ಕೊಡುವುದು ಒಂದೆರಡು ಮಿಲಿವೋಲ್ಟ್. ಆಕ್ಸ್ ಕೇಳುವುದು 300 ಮಿಲಿವೋಲ್ಟ್ ಆಸುಪಾಸು. ನಡುವೆ ನೂರು ಪಟ್ಟಿಗೂ ಹೆಚ್ಚು ಹಿಗ್ಗಿಸುವ ಪ್ರೀಆಂಪ್ ಇಲ್ಲದಿದ್ದರೆ ಎಷ್ಟು ಕೂಗಿದರೂ ಗೊಣಗಿದಂತೆ ಕೇಳುತ್ತದೆ. ಆದ್ದರಿಂದ 6.35 ಮಿ.ಮೀ.ನ ದಪ್ಪ ಜ್ಯಾಕ್ ಎರಡಿರಲಿ, ಎರಡಕ್ಕೂ ಬೇರೆ ಬೇರೆ ವಾಲ್ಯೂಮ್ ಇರಲಿ, ಮೈಕ್‌ಗೆಂದೇ ಬೇಸ್-ಟ್ರಿಬಲ್ ಇದ್ದರೆ ಇನ್ನೂ ಒಳ್ಳೆಯದು. ಯುಗಳಗೀತೆಯಲ್ಲಿ ಒಬ್ಬರ ದನಿ ದೊಡ್ಡದು, ಇನ್ನೊಬ್ಬರದು ಮೆಲುವು. ಒಂದೇ ನಾಬ್ ಇದ್ದರೆ ಹೊಂದಿಸುವುದು ಹೇಗೆ? ಕಾಲರ್ ಮೈಕ್, ಮೊಬೈಲ್ ಇಯರ್‌ಫೋನಿನ ಮೈಕ್ ಈ ಜ್ಯಾಕ್‌ನಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ, ಅವಕ್ಕೆ ಬೇರೆ ವೋಲ್ಟೇಜ್ ಬೇಕು. ಸ್ಟುಡಿಯೋ ಕಂಡೆನ್ಸರ್ ಮೈಕ್‌ಗೆ 48 ವೋಲ್ಟ್ ಫ್ಯಾಂಟಮ್ (ಮೈಕ್ ಕೇಬಲ್ ಮೂಲಕವೇ ಕೊಡುವ ವಿದ್ಯುತ್) ಬೇಕು, ಅದನ್ನು ಈ ದರ್ಜೆಯ ಯಂತ್ರಗಳಲ್ಲಿ ಹುಡುಕಬೇಡಿ.

ಎಕೊ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಹಾಡು ಕೆಡುವುದು ಹೆಚ್ಚಾಗಿ ಇಲ್ಲೇ. ಅಗ್ಗದ ಕರೋಕೆ ಆಂಪ್ಲಿಫೈಯರ್‌ಗಳ ಎಕೊ ಬಹುಮಟ್ಟಿಗೆ ಪಿಟಿ2399 ಎಂಬ ಐಸಿಯದು. ಅದು ದನಿಯನ್ನು ಸುಮಾರು 30ರಿಂದ 340 ಮಿಲಿಸೆಕೆಂಡ್ ತಡಮಾಡಿ ವಾಪಸು ಕೊಡುತ್ತದೆ. ತಡ ಹೆಚ್ಚಿದಂತೆ ಐಸಿಯ ಕೆಲಸದ ವೇಗ ನಿರ್ಧರಿಸುವ ಒಳಗಿನ ಕ್ಲಾಕ್ ನಿಧಾನವಾಗಿ, ಮರಳುವ ದನಿಯಲ್ಲಿ ಒರಟುತನವೂ ಹಿಸ್ ಸದ್ದೂ ಏರುತ್ತವೆ. ಡಿಲೇ ನಾಬ್ ಪೂರ್ತಿ ತಿರುಗಿಸಿದಾಗ ಬಾವಿಯೊಳಗೆ ಮಾತಾಡಿದಂತಾಗುವುದು ಇದರಿಂದಲೇ. ಡಿಲೇಯನ್ನು ಗಡಿಯಾರದ ಒಂಬತ್ತು ಗಂಟೆಯ ಮುಳ್ಳಿನ ಜಾಗದಲ್ಲಿ ಇಟ್ಟು ಶುರುಮಾಡಿ, ದನಿ ಎಷ್ಟು ಸಲ ಮರಳಬೇಕೆಂದು ಹೇಳುವ ರಿಪೀಟ್ ಅದಕ್ಕಿಂತ ಕಡಿಮೆ ಇರಲಿ, ಎಕೊ ಮಟ್ಟ ಮೂರನೇ ಒಂದು ಪಾಲು ಮೀರದಿರಲಿ. ನಿಧಾನಗತಿಯ ಭಾವಗೀತೆಗೆ ತುಸು ಏರಿಸಬಹುದು. ಚುರುಕು ಹಾಡಿಗೆ ಏರಿಸಿದರೆ ಒಂದು ಅಕ್ಷರದ ಮೇಲೆ ಇನ್ನೊಂದು ಬಿದ್ದು ಸಾಹಿತ್ಯವೇ ಕಲಸಿಹೋಗುತ್ತದೆ. ಕನ್ನಡದ ಒತ್ತಕ್ಷರಗಳು ಮೊದಲು ಕಳೆದುಹೋಗುತ್ತವೆ. ಅಂಗಡಿಯಲ್ಲಿ ಮೈಕ್ ಚುಚ್ಚಿಸಿ, ಎಕೊ ಸೊನ್ನೆಗಿಳಿಸಿ, ಬರಿದನಿಯಲ್ಲಿ ಎರಡು ಸಾಲು ಹಾಡಿ ನೋಡಿ. ಮಾರುವವರು ಎಕೊ ಏರಿಸಿ ತೋರಿಸುವುದು ವಾಡಿಕೆ, ಅದರಡಿಯಲ್ಲಿ ಪ್ರೀಆಂಪಿನ ದೋಷ ಮುಚ್ಚಿಹೋಗುತ್ತದೆ. ‘ಮೈಕ್ ಪ್ರಯಾರಿಟಿ’ ಇದ್ದರೆ ಅದನ್ನು ಆಫ್ ಮಾಡುವ ಸ್ವಿಚ್ ಇದೆಯೇ ಕೇಳಿ. ದನಿ ಬಂದೊಡನೆ ಟ್ರ್ಯಾಕ್ ತಗ್ಗಿಸುವ ಈ ಸೌಲಭ್ಯ ಅನೌನ್ಸ್‌ಮೆಂಟಿಗೆ ಸರಿ, ಹಾಡಿಗೆ ಕಂಟಕ.

‘ವೋಕಲ್ ಕಟ್’ ಗುಂಡಿಗೂ ಮರುಳಾಗಬೇಡಿ. ಅದು ಎಡ ಚಾನೆಲ್‌ನಿಂದ ಬಲವನ್ನು ಕಳೆಯುತ್ತದೆ, ಎರಡರಲ್ಲೂ ಸಮಾನವಾಗಿರುವ ಗಾಯಕರ ದನಿ ಅಳಿಯುತ್ತದೆ. ನಡುವೆಯೇ ಇರುವ ಬೇಸ್, ತಬಲಾ ಕೂಡ ಜೊತೆಗೆ ಹೋಗುತ್ತವೆ. 1960ರ ದಶಕದ ಮೊನೊ ಚಿತ್ರಗೀತೆಗಳಲ್ಲಿ ಎರಡೂ ಚಾನೆಲ್ ಒಂದೇ ಆದ್ದರಿಂದ ಏನೂ ಉಳಿಯುವುದಿಲ್ಲ. ಯಂತ್ರ ಕೆಟ್ಟಿದೆಯೆಂದು ತರುತ್ತಾರೆ, ಅದು ಕೆಟ್ಟಿರುವುದಿಲ್ಲ.

ಬ್ಲೂಟೂತ್ 5.0, 5.3 ಎಂಬ ಅಂಕಿಯಿಂದ ನಾದ ಉತ್ತಮವಾಗುವುದಿಲ್ಲ. ಅದು ಕೋಡೆಕ್‌ಗೆ, ಅಂದರೆ ಸದ್ದನ್ನು ಅಡಕ ಮಾಡಿ ಕಳಿಸುವ ವಿಧಾನಕ್ಕೆ, ಬಿಟ್ಟದ್ದು. ಎಲ್ಲ ಯಂತ್ರಗಳಲ್ಲೂ ಇರುವ ಎಸ್‌ಬಿಸಿ ಕೋಡೆಕ್ ಮನೆಬಳಕೆಗೆ ಸಾಕು. ಗಮನಿಸಬೇಕಾದ್ದು ತಡ. ಮೊಬೈಲ್‌ನಿಂದ ಸ್ಪೀಕರ್‌ಗೆ ಸದ್ದು ತಲುಪಲು ಸಾಮಾನ್ಯವಾಗಿ 150ರಿಂದ 250 ಮಿಲಿಸೆಕೆಂಡ್ ಹಿಡಿಯುತ್ತದೆ. ಟ್ರ್ಯಾಕ್ ಬ್ಲೂಟೂತ್‌ನಲ್ಲಿ ಬಂದು, ಮೈಕ್ ನೇರ ಆಂಪ್ಲಿಫೈಯರ್‌ಗೆ ಚುಚ್ಚಿದ್ದರೆ ತೊಂದರೆಯಿಲ್ಲ, ಹಾಡುವವರು ಸ್ಪೀಕರ್‌ನಿಂದ ಕೇಳಿದ್ದಕ್ಕೇ ಹಾಡುತ್ತಾರೆ. ಮೊಬೈಲ್ ಆ್ಯಪಿನೊಳಗೆ ಹಾಡಿ, ಆ ದನಿಯನ್ನೇ ಬ್ಲೂಟೂತ್ ಮೂಲಕ ಸ್ಪೀಕರ್‌ಗೆ ಕಳಿಸಿದರೆ ಮಾತ್ರ ತಮ್ಮ ದನಿಯೇ ಸೆಕೆಂಡಿನ ಐದನೇ ಒಂದು ಪಾಲು ತಡವಾಗಿ ಕೇಳಿ ತಾಳ ತಪ್ಪುತ್ತದೆ. ಯಾವ ದುಬಾರಿ ಯಂತ್ರ ತಂದರೂ ಆ ದಾರಿಯಲ್ಲಿ ಹಾಡಲಾಗದು. ಮೊಬೈಲ್ ವಾಲ್ಯೂಮ್ ಮುಕ್ಕಾಲಿಗಿಂತ ಮೇಲಿಟ್ಟು ಉಳಿದದ್ದನ್ನು ಆಂಪ್ಲಿಫೈಯರ್‌ನಲ್ಲಿ ಹೊಂದಿಸಿ. ಏರೋಪ್ಲೇನ್ ಮೋಡ್ ಹಾಕಿ ಬ್ಲೂಟೂತ್ ಮಾತ್ರ ತೆರೆದಿಡಿ, ನಡುವೆ ಕರೆ ಬರುವುದಿಲ್ಲ.

ಟಿವಿಗೆ ಬ್ಲೂಟೂತ್ ಬೇಡ, ಆಪ್ಟಿಕಲ್ ಅಥವಾ ಎಚ್‌ಡಿಎಂಐ ಎಆರ್‌ಸಿ (ಟಿವಿಯ ಸದ್ದನ್ನು ಹೊರಗೆ ಕೊಡುವ ಎಚ್‌ಡಿಎಂಐ ಪೋರ್ಟ್) ಕೇಬಲ್ ಹಾಕಿ. ಆಪ್ಟಿಕಲ್ ಹಾಕಿದ ಮೇಲೆ ಸದ್ದೇ ಬರುತ್ತಿಲ್ಲ ಎನ್ನುವವರು ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ಟನ್ನು ‘ಪಿಸಿಎಂ’ (ಅಡಕ ಮಾಡದ ಸದ್ದು) ಮಾಡಿ. ಡಾಲ್ಬಿ ವಿಧಾನದಲ್ಲಿ ಅಡಕ ಮಾಡಿದ ಸದ್ದನ್ನು ಬಿಡಿಸಲು ಬಾರದ ಆಂಪ್ಲಿಫೈಯರ್ ಸುಮ್ಮನಿರುತ್ತದೆ ಅಥವಾ ಕರ್ರೆನ್ನುತ್ತದೆ.

ಮೈಕ್ ಕುಂಯ್ಯೆಂದು ಕಿರುಚಿದರೆ ಯಂತ್ರ ಬೈಯುವ ಮುನ್ನ ಸ್ಪೀಕರ್‌ಗಳನ್ನು ಹಾಡುವವರಿಗಿಂತ ಮುಂದಕ್ಕೆ ತನ್ನಿ, ಅವುಗಳ ಮುಖ ಕೇಳುವವರ ಕಡೆಗಿರಲಿ. ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯಬೇಡಿ. ಹಿಂದಿನ ಸದ್ದನ್ನು ತಡೆಯುವ ಗುಣ ಅಲ್ಲಿಗೆ ಹೋಯಿತು. ಬಾಯಿಂದ 5 ಸೆಂ.ಮೀ. ದೂರದಲ್ಲಿದ್ದ ಮೈಕ್ 10 ಸೆಂ.ಮೀ.ಗೆ ಹೋದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಅದನ್ನು ತುಂಬಲು ನಾಲ್ಕು ಪಟ್ಟು ಶಕ್ತಿ ಬೇಕು. ಟೈಲ್ಸ್ ನೆಲ, ಗಾಜಿನ ಕಿಟಕಿಯ ಬರೀ ಹಾಲ್‌ನಲ್ಲಿ ಒಂದು ಜಮಖಾನ ಹಾಸಿ ಪರದೆ ಎಳೆದರೆ ಅರ್ಧ ಕಿರುಚಾಟ ನಿಲ್ಲುತ್ತದೆ.

ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಗುಂಯ್‌ಗುಡುವ ಹಮ್ಮಿಂಗ್ ಹೋಗಲಿ ಎಂದು ಮೂರು ಪಿನ್ನಿನ ಪ್ಲಗ್‌ನಲ್ಲಿ ಅರ್ಥ್ ಪಿನ್ ಕತ್ತರಿಸಬೇಡಿ, ಕತ್ತರಿಸಿಕೊಡಲು ಹೇಳಬೇಡಿ. ಒಳಗೆ ಟ್ರಾನ್ಸ್‌ಫಾರ್ಮರ್ ಸೋರಿದ ದಿನ ಆ ವಿದ್ಯುತ್ ಬರುವುದು ಲೋಹದ ಮೈಕಿಗೆ, ಅದು ಇರುವುದು ಹಾಡುವವರ ತುಟಿಯ ಬಳಿ. ಮೈಕ್ ತಾಗಿದಾಗ ಜುಮ್ಮೆಂದರೆ ತಕ್ಷಣ ಸ್ವಿಚ್ ಆಫ್ ಮಾಡಿ ಮನೆಯ ಅರ್ಥಿಂಗ್ ಪರೀಕ್ಷಿಸಿ. ಹಮ್ಮಿಂಗ್ ಬರುವುದು ಹೆಚ್ಚಾಗಿ ಮೈಕ್ ಕೇಬಲ್‌ನ ಶೀಲ್ಡ್ (ಹೊರಸುತ್ತಿನ ತಂತಿಯ ಹೊದಿಕೆ) ಕಿತ್ತಿದ್ದರೆ, ಅಥವಾ ಕೇಬಲ್ ಟಿವಿ, ಸೆಟ್‌ಟಾಪ್ ಬಾಕ್ಸ್ ಮೂಲಕ ಗ್ರೌಂಡ್ ಲೂಪ್ (ಎರಡು ದಾರಿಯಿಂದ ಗ್ರೌಂಡ್ ಸೇರಿ ಆಗುವ ಸುತ್ತು) ಆಗಿದ್ದರೆ. ಆಂಪ್ಲಿಫೈಯರ್‌ಗೆ ಜೋಡಿಸಿದ ಸಿಗ್ನಲ್ ಕೇಬಲ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರೆ ಯಾವುದೆಂದು ಸಿಗುತ್ತದೆ. ಆಪ್ಟಿಕಲ್ ಕೇಬಲ್‌ಗೆ ಈ ಕಾಟವಿಲ್ಲ.

ನೆರೆಮನೆಯವರ ಬಗ್ಗೆಯೂ ನಿಯಮವಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್. ಖಾಸಗಿ ಸೌಂಡ್ ಸಿಸ್ಟಂನ ಸದ್ದು ಜಾಗದ ಎಲ್ಲೆಯಲ್ಲಿ ಇದಕ್ಕಿಂತ 5 ಡೆಸಿಬಲ್‌ಗಿಂತ ಹೆಚ್ಚು ಮೀರುವಂತಿಲ್ಲ.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮನೆಬಳಕೆಯ ಆಂಪ್ಲಿಫೈಯರ್‌ಗಳ ಶಕ್ತಿಯನ್ನು ಹೇಗೆ ಅಳೆದು ಹೇಳಬೇಕೆಂದು 1974ರಲ್ಲೇ ನಿಯಮ ಮಾಡಿತು, 2024ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ನಮ್ಮಲ್ಲೂ ಪೆಟ್ಟಿಗೆಯ ಮೇಲೆ, ಜಾಹೀರಾತಿನಲ್ಲಿ, ಆರ್‌ಎಂಎಸ್ ವಾಟ್, ಅದು ಎಷ್ಟು ಓಮ್‌ಗೆ, ಎಷ್ಟು ಡಿಸ್ಟಾರ್ಷನ್‌ನಲ್ಲಿ ಎಂಬ ಮೂರು ಅಂಕಿಗಳನ್ನು ಕಡ್ಡಾಯ ಮಾಡಬೇಕೆಂದು ಗ್ರಾಹಕ ವ್ಯವಹಾರಗಳ ಇಲಾಖೆಯನ್ನು ಒತ್ತಾಯಿಸುತ್ತೇವೆ. ದಾರಿತಪ್ಪಿಸುವ ಜಾಹೀರಾತಿನ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬಿಲ್ ಪಡೆಯುವಾಗ ಆ ಮೂರು ಅಂಕಿಗಳನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವ ಅಂಗಡಿಯಲ್ಲಿ ಕೊಳ್ಳಬೇಡಿ.

– ಆಂಪ್ಲಿಫೈಯರ್ ರಿಪೇರಿ ಕೆಲಸದ ಕೆಲವರು, ಬೆಂಗಳೂರು