ನಮ್ಮ ಕೋರ್ಸ್‌ಗಳಲ್ಲಿ ಇನ್ನು ಮೊದಲು ಕೋಡ್, ಆಮೇಲೆ ವಿಡಿಯೊ

ಆತ್ಮೀಯ ಗ್ರಾಹಕರೇ,

ನಮ್ಮ ಪ್ರೋಗ್ರಾಮಿಂಗ್ ಕೋರ್ಸ್‌ಗಳು ತಯಾರಾಗುವ ಕ್ರಮ ಬದಲಾಗುತ್ತಿದೆ. ಇನ್ನು ಮುಂದೆ ಬೋಧಕರು ಮೊದಲು ಅಭ್ಯಾಸಗಳನ್ನೂ ಅವುಗಳ ಟೆಸ್ಟ್‌ಗಳನ್ನೂ (ಉತ್ತರ ಸರಿಯಿದೆಯೇ ಎಂದು ತಾನಾಗಿ ನೋಡುವ ಕೋಡ್) ಬರೆಯುತ್ತಾರೆ. ಆಪರೇಟಿಂಗ್ ಸಿಸ್ಟಮ್ ಬಿಟ್ಟರೆ ಬೇರೇನೂ ಇಲ್ಲದ ವರ್ಚುವಲ್ ಮಷೀನಿನಲ್ಲಿ (ಸಾಫ್ಟ್‌ವೇರಿನಿಂದಲೇ ರೂಪಿಸಿದ ಕಂಪ್ಯೂಟರಿನಲ್ಲಿ) ಆ ಕೋಡ್ ಸರಿಯಾಗಿ ರನ್ ಆದ ಮೇಲಷ್ಟೇ ರೆಕಾರ್ಡಿಂಗ್. ಉದ್ದುದ್ದ ಪಾಠಗಳ ಬದಲು ಒಂದು ವಿಷಯಕ್ಕೆ ಒಂದೇ ತುಣುಕು, ಹೆಚ್ಚೆಂದರೆ 8 ನಿಮಿಷ.

ಹೀಗೇಕೆ? ಪ್ರೋಗ್ರಾಮಿಂಗ್ ಭಾಷೆ ಮತ್ತು ಲೈಬ್ರರಿಗಳು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ನಿಲ್ಲದೆ ಬದಲಾಗುತ್ತವೆ, ರೆಕಾರ್ಡ್ ಆದ ಮಾತು ಬದಲಾಗುವುದಿಲ್ಲ. 2023ರಲ್ಲಿ ಪೈಥಾನಿನ ಡೇಟಾ ಲೈಬ್ರರಿ ಪಾಂಡಾಸ್ 2.0 ಬಂದಾಗ, ಅದರ ಡೇಟಾಫ್ರೇಮಿಗೆ (ಕೋಷ್ಟಕಕ್ಕೆ) ಸಾಲು ಸೇರಿಸುವ ಅಪೆಂಡ್ ಮೆಥಡ್ಡನ್ನೇ ತೆಗೆದುಹಾಕಿದರು. ಈಗ ಕಾನ್‌ಕ್ಯಾಟ್ ಬಳಸಬೇಕು. ಹಳೆಯ ವಿಡಿಯೊದಲ್ಲಿ ಬೋಧಕರ ಕೋಡ್ ಸಲೀಸಾಗಿ ರನ್ ಆಗುತ್ತದೆ. ಅದನ್ನೇ ಅಕ್ಷರ ತಪ್ಪದೆ ಟೈಪ್ ಮಾಡಿದವರಿಗೆ ಸಿಗುವುದು ಅಂಥ ಮೆಥಡ್ಡೇ ಇಲ್ಲ ಎನ್ನುವ ಆಟ್ರಿಬ್ಯೂಟ್ ಎರರ್. ಹೊಸದಾಗಿ ಕಲಿಯುವವರು ತಪ್ಪು ತಮ್ಮದೇ ಎಂದುಕೊಂಡು ಅಲ್ಲಿಗೇ ಕೈಬಿಡುತ್ತಾರೆ. ಹಾಗಾಗಬಾರದು. ತುಣುಕು ಚಿಕ್ಕದಿದ್ದರೆ ಅದೊಂದನ್ನೇ ಮತ್ತೆ ರೆಕಾರ್ಡ್ ಮಾಡಿದರೆ ಸಾಕು.

ಬೋಧಕರ ಕಂಪ್ಯೂಟರಿನಿಂದಲೂ ತೊಡಕುಂಟು. ಎಂದೋ ಹಾಕಿಕೊಂಡ ಲೈಬ್ರರಿ, ಎಲ್ಲೋ ಬರೆದಿಟ್ಟ ಎನ್ವಿರಾನ್ಮೆಂಟ್ ವೇರಿಯಬಲ್ (ಪ್ರೋಗ್ರಾಮ್‌ಗಳು ಓದಿಕೊಳ್ಳುವ ಸೆಟ್ಟಿಂಗ್) ಅಲ್ಲಿ ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತವೆ. ಕೋಡನ್ನು ಸೆಲ್ ಎಂಬ ತುಂಡುಗಳಾಗಿ ಬರೆದು ರನ್ ಮಾಡುವ ಜುಪಿಟರ್ ನೋಟ್‌ಬುಕ್ಕಿನಲ್ಲಿ ಸೆಲ್ ಅಳಿಸಿದರೂ ಅದರ ವೇರಿಯಬಲ್ ಮೆಮೊರಿಯಲ್ಲಿ ಉಳಿದಿರುತ್ತದೆ. ಅದಕ್ಕೇ ಕರ್ನಲ್ (ಸೆಲ್‌ಗಳನ್ನು ರನ್ ಮಾಡುವ ಭಾಗ) ರೀಸ್ಟಾರ್ಟ್ ಮಾಡಿ, ಮೇಲಿನಿಂದ ಕೆಳಗಿನವರೆಗೆ ಎಲ್ಲ ಸೆಲ್ ರನ್ ಮಾಡಿ ತೋರಿಸುವಂತೆ ಕೇಳುತ್ತಿದ್ದೇವೆ.

ಪ್ರತಿ ಅಭ್ಯಾಸಕ್ಕೂ ಬೋಧಕರು ಆರಂಭದ ಕೋಡ್, ಉತ್ತರ, ಟೆಸ್ಟ್‌ಗಳು ಮೂರನ್ನೂ ಕೊಡಬೇಕು. ಆರಂಭದ ಕೋಡ್ ಟೆಸ್ಟಿನಲ್ಲಿ ಫೇಲ್ ಆಗಲೇಬೇಕು. ಪಾಸಾದರೆ ಆ ಟೆಸ್ಟ್ ಏನನ್ನೂ ಪರೀಕ್ಷಿಸುತ್ತಿಲ್ಲ. ಟೆಸ್ಟ್ ನೋಡಬೇಕಾದ್ದು ಫಲಿತಾಂಶವನ್ನು, ದಾರಿಯನ್ನಲ್ಲ: ಫಾರ್ ಬದಲು ವೈಲ್ ಲೂಪ್ ಬಳಸಿದವರೂ ಪಾಸಾಗಬೇಕು. ಸರಾಸರಿ ಲೆಕ್ಕ ಹಾಕುವ ಫಂಕ್ಷನ್ನಿಗೆ ಖಾಲಿ ಲಿಸ್ಟ್ ಕೊಟ್ಟರೆ ಸೊನ್ನೆಯಿಂದ ಭಾಗಿಸಿದ ಎರರ್ ಬರುತ್ತದೆ. ಇಂಥ ಸಾಮಾನ್ಯ ತಪ್ಪುಗಳಿಗೆ ಸುಳಿವನ್ನೂ ಬರೆದಿಡುತ್ತಾರೆ. ಕೊನೆಗೆ, ಪಾಠ ನೋಡಿರದ ಇನ್ನೊಬ್ಬ ಬೋಧಕರು ಆ ಅಭ್ಯಾಸವನ್ನು ಮಾಡಿ ನೋಡುತ್ತಾರೆ. ಪಳಗಿದ ಕೈ ಯೋಚಿಸದೆ ಮಾಡಿಬಿಡುವ ಹೆಜ್ಜೆಗಳು ಪಾಠದಲ್ಲಿ ಬಿಟ್ಟುಹೋಗುವುದು ಸಹಜ. ಅವು ಸಿಕ್ಕಿಬೀಳುವುದು ಇಲ್ಲೇ.

ನೀವು ಅರ್ಧ ಮುಗಿಸಿರುವ ಕೋರ್ಸ್ ಹಾಗೆಯೇ ಇರುತ್ತದೆ, ಹೊಸ ರೂಪ ಅದರ ಪಕ್ಕದಲ್ಲೇ ಸಿಗುತ್ತದೆ. ಹೊಸ ಪೈಥಾನ್ ಕೋರ್ಸ್ ಶುರುಮಾಡುವಾಗ ಅದಕ್ಕೆಂದೇ ಬೇರೆ ಫೋಲ್ಡರ್ ಮಾಡಿ, ಅದರಲ್ಲಿ ವರ್ಚುವಲ್ ಎನ್ವಿರಾನ್ಮೆಂಟ್ (ಆ ಕೋರ್ಸಿನ ಲೈಬ್ರರಿಗಳಿಗೆಂದೇ ಪ್ರತ್ಯೇಕ ಜಾಗ) ತೆರೆದು ಆಕ್ಟಿವೇಟ್ ಮಾಡಿ. ನಂತರ ನಾವು ಕೊಡುವ ರಿಕ್ವೈರ್‌ಮೆಂಟ್ಸ್ ಫೈಲಿನಿಂದ (ಬೇಕಾದ ಲೈಬ್ರರಿಗಳ ಪಟ್ಟಿಯಿಂದ) ಪೈಥಾನ್ ಲೈಬ್ರರಿಗಳನ್ನು ಹಾಕುವ ಪಿಪ್ ಉಪಕರಣದ ಮೂಲಕ ಅವನ್ನು ಹಾಕಿಕೊಳ್ಳಿ. ಪ್ರತಿಯೊಂದರ ಆವೃತ್ತಿ ಅದರಲ್ಲೇ ನಿಗದಿಯಾಗಿರುತ್ತದೆ. ಈಚಿನ ಉಬುಂಟು ಆಪರೇಟಿಂಗ್ ಸಿಸ್ಟಮ್‌ನಲ್ಲಿ ನೇರವಾಗಿ ಸಿಸ್ಟಮ್ಮಿಗೇ ಹಾಕಹೋದರೆ ಪಿಪ್ ತಡೆಯುತ್ತದೆ. ಆ ತಡೆಯನ್ನು ದಯವಿಟ್ಟು ಬಲವಂತವಾಗಿ ದಾಟಬೇಡಿ, ಸಿಸ್ಟಮ್ಮಿನ ಸ್ವಂತ ಉಪಕರಣಗಳೇ ಕೆಡಬಹುದು. ನಿನ್ನೆ ರನ್ ಆದ ಕೋಡ್ ಇಂದು ಮಾಡ್ಯೂಲ್ ಸಿಗುತ್ತಿಲ್ಲ ಎಂದರೆ, ಹೊಸ ಟರ್ಮಿನಲ್ಲಿನಲ್ಲಿ ಆಕ್ಟಿವೇಟ್ ಮಾಡುವುದು ಮರೆತಿರುವ ಸಾಧ್ಯತೆಯೇ ಹೆಚ್ಚು.

ಆದರೂ ಸಿಕ್ಕಿಕೊಂಡರೆ ಪಾಠದ ಸಂಖ್ಯೆ, ಪೈಥಾನ್ ಆವೃತ್ತಿ ಮತ್ತು ಎರರ್ ಸಂದೇಶವನ್ನು ಪೂರ್ತಿಯಾಗಿ ಕಾಪಿ ಮಾಡಿ ಕಳಿಸಿ. ಪರದೆಯ ಫೋಟೊ ಬೇಡ. ಅದರಿಂದ ಕೋಡನ್ನು ಎತ್ತಿಕೊಂಡು ರನ್ ಮಾಡಿ ನೋಡಲಾಗುವುದಿಲ್ಲ.

ಇಂತಿ,
ಕೋರ್ಸ್ ತಯಾರಿಕಾ ತಂಡ