ಸ್ಕ್ಯಾನ್‌ನಲ್ಲಿ ಕಾಣಲಿಲ್ಲವೆಂದರೆ ಅರಿವಿಲ್ಲವೆಂದಲ್ಲ

ಮಾನ್ಯರೆ,

ಮಿದುಳಿಗೆ ಪೆಟ್ಟು ಬಿದ್ದು, ಕಣ್ಣು ತೆರೆದರೂ ಕರೆಗೆ ಓಗೊಡದ ರೋಗಿಗಳ ಬಗ್ಗೆ ‘ಸ್ಕ್ಯಾನ್‌ನಲ್ಲಿ ಏನೂ ಇಲ್ಲ’ ಎಂಬ ಒಂದೇ ಮಾತಿನ ಮೇಲೆ ಮನೆಯವರು ಆಸೆ ಬಿಡುವುದು ತೀರಾ ಅನ್ಯಾಯ. ಮಾಮೂಲಿ ಸಿಟಿ, ಎಂಆರ್‌ಐಗಳಲ್ಲಿ ಕಾಣುವುದು ಮಿದುಳಿಗಾದ ಹಾನಿ ಮಾತ್ರ. ಅರಿವನ್ನು ಹುಡುಕಲು, ಮಿದುಳಿನ ಯಾವ ಭಾಗ ಯಾವಾಗ ಚುರುಕಾಗುತ್ತದೆಂದು ತೋರಿಸುವ ಫಂಕ್ಷನಲ್ ಎಂಆರ್‌ಐನಂಥ ಪರೀಕ್ಷೆ ಬೇಕು. ‘ಟೆನಿಸ್ ಆಡುತ್ತಿದ್ದೇನೆಂದು ಕಲ್ಪಿಸಿಕೊಳ್ಳಿ’ ಎಂದು ಹೆಡ್‌ಫೋನ್‌ನಲ್ಲಿ ಹೇಳಿ 30 ಸೆಕೆಂಡ್, ‘ಈಗ ಸುಮ್ಮನಿರಿ’ ಎಂದು 30 ಸೆಕೆಂಡ್. ಹೀಗೆ ಹಲವು ಸಲ. ಚಲನೆಯನ್ನು ಯೋಜಿಸುವ ಮಿದುಳಿನ ಭಾಗ ಈ ಸೂಚನೆಗಳಿಗೆ ತಕ್ಕಂತೆ ಚುರುಕಾಗಿ ಮತ್ತೆ ತಣ್ಣಗಾದರೆ, ರೋಗಿಗೆ ಮಾತು ಅರ್ಥವಾಗಿದೆ. ನರವಿಜ್ಞಾನಿ ಏಡ್ರಿಯನ್ ಓವೆನ್ ತಂಡ ಇದನ್ನು 2006ರಲ್ಲೇ ತೋರಿಸಿತು.

2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೇಳಿದ್ದಕ್ಕೆ ಹೊರಗೆ ಸ್ಪಂದಿಸದ 241 ಜನರ ಪೈಕಿ 60 ಮಂದಿ ಫಂಕ್ಷನಲ್ ಎಂಆರ್‌ಐ ಅಥವಾ ಇಇಜಿಯಲ್ಲಿ (ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಪರೀಕ್ಷೆ) ಸ್ಪಂದಿಸಿದರು. ಅದೇ ಅಧ್ಯಯನದ ಇನ್ನೊಂದು ಅಂಕಿಯ ಬಗ್ಗೆ ಮಾತ್ರ ಚರ್ಚೆ ಕಡಿಮೆ: ಹೇಳಿದಂತೆ ಮಾಡಬಲ್ಲವರೆಂದು ಹಾಸಿಗೆಯ ಬಳಿಯೇ ಖಚಿತವಾಗಿದ್ದ 112 ಜನರಲ್ಲಿ ಈ ಪರೀಕ್ಷೆಗಳಲ್ಲಿ ಸ್ಪಂದನೆ ಕಂಡುಬಂದದ್ದು 43 ಮಂದಿಯಲ್ಲಷ್ಟೇ. ಅರಿವಿದ್ದವರೇ ಇಷ್ಟು ಜನ ತಪ್ಪಿಹೋಗುವುದಾದರೆ, ಖಾಲಿ ಬಂದ ಫಲಿತಾಂಶವನ್ನು ತೀರ್ಪು ಎನ್ನಲು ಹೇಗೆ ಸಾಧ್ಯ?

ತಪ್ಪಿಹೋಗಲು ಕಾರಣಗಳುಂಟು. ತಲೆ ಕೆಲವೇ ಮಿಲಿಮೀಟರ್ ಅಲುಗಿದರೂ ಚಿತ್ರ ಕೆಡುತ್ತದೆ. ಅಲುಗದಿರಲೆಂದು ಮಂಪರಿನ ಔಷಧ ಕೊಟ್ಟರೆ, ನಾವು ಹುಡುಕುತ್ತಿರುವ ಉತ್ತರವೇ ಅಡಗಿಬಿಡುತ್ತದೆ. ರೋಗಿ ಆ ಹೊತ್ತಿಗೆ ನಿದ್ದೆಗೆ ಜಾರಿರಬಹುದು, ಕಿವಿ ಕೇಳದಿರಬಹುದು, ಭಾಷೆಯ ಭಾಗಕ್ಕೇ ಏಟಾಗಿರಬಹುದು.

ಆದ್ದರಿಂದ ಸ್ಕ್ಯಾನ್‌ಗೂ ಮೊದಲು ಹಾಸಿಗೆಯ ಬಳಿ ಸಿಆರ್‌ಎಸ್-ಆರ್ (ಕೋಮಾ ರಿಕವರಿ ಸ್ಕೇಲ್-ರಿವೈಸ್ಡ್) ಎಂಬ, ರೋಗಿಯ ಸ್ಪಂದನೆಗೆ ಅಂಕ ಕೊಡುವ ಪರೀಕ್ಷೆ ಆಗಬೇಕು. ಗರಿಷ್ಠ ಅಂಕ 23. ಒಂದೇ ಸಲ ಮಾಡಿ ಮುಗಿಸುವಂತಿಲ್ಲ. ಎರಡು ವಾರದೊಳಗೆ, ದಿನದ ಬೇರೆ ಬೇರೆ ಹೊತ್ತಿನಲ್ಲಿ ಕನಿಷ್ಠ ಐದು ಸಲ ಬೇಕು. ಕಣ್ಣು ಹಿಂಬಾಲಿಸುತ್ತದೆಯೇ ಎಂದು ನೋಡಲು ಪೆನ್ನು, ಬೆರಳು ಸಾಲದು, ಕನ್ನಡಿ ಹಿಡಿಯಬೇಕು. ಬೇರೆಯದನ್ನು ಗಮನಿಸದ ರೋಗಿಯೂ ಕನ್ನಡಿಯಲ್ಲಿನ ತನ್ನ ಮುಖವನ್ನು ಹಿಂಬಾಲಿಸಿ ಕಣ್ಣು ಹೊರಳಿಸುವುದುಂಟು. ಆಮೇಲೆ ಶ್ರವಣ ಪರೀಕ್ಷೆ. ಸೂಚನೆಗಳು ರೋಗಿಯ ಮನೆಮಾತಿನಲ್ಲೇ ಇರಲಿ. ಕತ್ತಿನಲ್ಲಿ ಉಸಿರಾಟಕ್ಕೆಂದು ಹಾಕಿದ ಲೋಹದ ಟ್ರಕಿಯಾಸ್ಟಮಿ ಕೊಳವೆಯಿದ್ದರೆ ಪ್ಲಾಸ್ಟಿಕ್ಕಿನದನ್ನು ಹಾಕಬೇಕು. ತಲೆಯಲ್ಲಿ ಪ್ರೋಗ್ರಾಮ್ ಮಾಡಬಹುದಾದ ಷಂಟ್ ಕವಾಟವಿದ್ದರೆ (ಮಿದುಳಿನ ಹೆಚ್ಚುವರಿ ದ್ರವ ಹೊರಹರಿಸುವ ಕೊಳವೆಯ ಕವಾಟ) ಸ್ಕ್ಯಾನ್ ಮುಗಿದ ಮೇಲೆ ಅದರ ಸೆಟ್ಟಿಂಗ್ ಮರುಪರಿಶೀಲಿಸಲೇಬೇಕು. ಎಂಆರ್‌ಐ ಯಂತ್ರದ ಅಯಸ್ಕಾಂತಕ್ಕೆ ಅದು ಬದಲಾಗುವ ಸಂಭವವಿದೆ.

ವರದಿ ಬರೆಯುವವರಲ್ಲಿ ನಮ್ಮ ವಿನಂತಿ: ‘ಪ್ರಜ್ಞೆ ಇಲ್ಲ’ ಎಂದು ಬರೆಯಬೇಡಿ. ‘ಈ ಪರೀಕ್ಷೆಯಲ್ಲಿ ಪ್ರತಿಕ್ರಿಯೆ ಸಿಗಲಿಲ್ಲ’ ಎಂದು ಬರೆದು, ಕೊನೆಯ ಮಂಪರು ಔಷಧ ಯಾವುದು, ಎಷ್ಟು ಹೊತ್ತಿಗೆ ಕೊಟ್ಟಿದ್ದು, ತಲೆ ಎಷ್ಟು ಅಲುಗಿತ್ತು, ರೋಗಿ ಎಚ್ಚರವಿದ್ದರೇ ಎಂಬುದನ್ನೂ ಅದರ ಕೆಳಗೇ ನಮೂದಿಸಿ. ಮುಂದೆ ಇಇಜಿಯನ್ನು ಹಾಸಿಗೆಯ ಬಳಿಯೇ ಮತ್ತೆ ಮಾಡುವವರಿಗೆ ಈ ವಿವರ ಬೇಕೇ ಬೇಕು.

– ಮಿದುಳು ಗಾಯಾಳುಗಳ ಪುನಶ್ಚೇತನ ಚಿಕಿತ್ಸೆಯಲ್ಲಿರುವ ವೈದ್ಯರು